ಮೊಣಕೈಗೆ ಒಂದು ಸುತ್ತು ಹೆಚ್ಚು

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಮದುವೆಯಾದಾಗಿನಿಂದ ನಿನ್ನನ್ನು ಕರೆದದ್ದೇ ಹೀಗೆ. ಕಾಗದದಲ್ಲಿ ಬೇರೆ ಏನಾದರೂ ಬರೆದರೆ ಯಾರಿಗೋ ಬರೆದದ್ದು ತಪ್ಪಿ ನಿನ್ನ ಕೈ ಸೇರಿದೆ ಎಂದುಕೊಂಡೀಯ. ನೀನು, ದೊಡ್ಡವಳು, ಅಳಿಯಂದಿರು, ಎಲ್ಲರಿಗಿಂತ ಮುಖ್ಯವಾಗಿ ಕೂಸು, ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಫೋಟೋ ನೋಡಿದೆ. ಮೂಗು ನಿನ್ನದೇ. ಬೆಳೆಯುತ್ತಾ ಸರಿಹೋದೀತು, ಚಿಂತೆ ಬೇಡವೆಂದು ದೊಡ್ಡವಳಿಗೆ ಹೇಳು.

ಬರೆಯುವುದು ಬಹಳ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಎಲ್ಲ ಸರಿಯಾಗಿದೆ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ, ನಾನು ಹಾಲು ಉಕ್ಕಿಸುವುದು ನಿಂತಿಲ್ಲ. ಮಹಡಿಯ ಮೇಲಿನ ಮೇಡಂ ದಿನಾ ಸಂಜೆ ಬಾಗಿಲು ತಟ್ಟಿ ಊಟದ ವಿಷಯ ವಿಚಾರಿಸುತ್ತಾರೆ. ನೀನೇ ಹೇಳಿ ಹೋಗಿರಬೇಕು, ನನಗೆ ಅಷ್ಟೂ ಗೊತ್ತಾಗುವುದಿಲ್ಲವೇ. ಪಾಪ, ಒಳ್ಳೆಯ ಹೆಂಗಸು, ಆದರೆ ನಾನು ಊಟ ಮಾಡಿದ್ದೇನೆ ಎಂದರೆ ನಂಬುವುದಿಲ್ಲ, ಇಣುಕಿ ಪಾತ್ರೆ ನೋಡಿ ಹೋಗುತ್ತಾರೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗುತ್ತಿರಬಹುದು. ಫೋನಿನಲ್ಲಿ ನಾನು ಚಿನ್ನು ಸುದ್ದಿಗೆ ಬಂದ ಕೂಡಲೇ ನೀನು ‘ಕೂಸು ಅಳ್ತಿದೆ ರೀ’ ಎಂದು ಇಟ್ಟುಬಿಡುತ್ತೀಯ. ಅದೆಂಥ ಜಾಣ ಕೂಸೋ, ಸರಿಯಾಗಿ ಆ ಮಾತಿಗೇ ಅಳುತ್ತದೆ. ಕಾಗದವಾದರೆ ಅದು ಮಲಗುವವರೆಗೆ ಕಾಯುತ್ತದೆ.

ಹೆದರಬೇಡ. ಮೊದಲೇ ಹೇಳಿಬಿಡುತ್ತೇನೆ, ಚಿನ್ನು ಚೆನ್ನಾಗಿದ್ದಾಳೆ. ಮೈಮೇಲೆ ಒಂದು ಗೀರೂ ಇಲ್ಲ. ಇಷ್ಟು ಬರೆಯುವಾಗಲೇ ನನ್ನ ಎದೆ ಹಗುರಾಗುತ್ತಿದೆ, ಯಾಕೆಂದರೆ ಹೋದ ಶನಿವಾರ ಸಂಜೆ ಸ್ವಲ್ಪ ಹೊತ್ತು ಹೀಗೆ ಹೇಳುವ ಧೈರ್ಯ ನನಗೆ ಇರಲಿಲ್ಲ.

‘ಚೆನ್ನಾಗಿದ್ದಾಳೆ’ ಎಂದು ಓದಿ ನೀನು ಮೂಗು ಮುರಿದಿರುತ್ತೀಯ. ಮುರಿ, ಆದರೆ ಕಾಗದ ಮಡಚಿ ಇಡಬೇಡ. ಮಗನಾಗಿ ಹೋದವಳು ಮಗಳಾಗಿ ಮನೆಗೆ ಬಂದ ದಿನ ನೀನು ಬಾಗಿಲಿಗೆ ಅಡ್ಡ ನಿಂತು ಹೇಳಿದ್ದನ್ನು ನಾನು ಮರೆತಿಲ್ಲ, ಅವಳೂ ಮರೆತಿಲ್ಲ. ‘ನಾನು ಹೆತ್ತದ್ದು ಮಗನನ್ನ. ಅವನು ಬಂದ್ರೆ ಬಾಗಿಲು ತೆಗೀತೀನಿ’ ಎಂದೆ. ಅವತ್ತಿನಿಂದ ಅವಳು ಈ ಹೊಸ್ತಿಲು ತುಳಿಯಲಿಲ್ಲ, ನೀನು ಅವಳ ಫೋನ್ ಎತ್ತಲಿಲ್ಲ. ನಡುವೆ ನಾನೊಬ್ಬ, ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಆಗಾಗ ಅವಳನ್ನು ನೋಡಿ ಬರುತ್ತಿದ್ದೆ. ಅದು ನಿನಗೆ ಗೊತ್ತಿದೆ. ನಿನಗೆ ಗೊತ್ತಿರುವುದು ನನಗೂ ಗೊತ್ತಿದೆ. ಈಗ ನಾನು ಕೇಳುವುದು ಒಂದೇ: ಇನ್ನೊಂದು ಸಲ ಅವಳು ಫೋನ್ ಮಾಡಿದರೆ ಎತ್ತು. ಮುಂದೆ ಬರೆಯುವುದೆಲ್ಲ ಇದಕ್ಕಾಗಿಯೇ.

ಅವಳ ಕೆಲಸ ಏನೆಂದು ಕೇಳಿದವರಿಗೆ ನೀನು ‘ನಾಟಕ’ ಎಂದು ಹೇಳಿ ಮಾತು ತೇಲಿಸುತ್ತಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ. ನಾಟಕವಲ್ಲ ಅದು. ಮಾತಿಲ್ಲ, ಕಥೆಯಿಲ್ಲ, ಇನ್ನೊಬ್ಬರ ಪಾತ್ರ ಹಾಕುವುದಿಲ್ಲ. ತನ್ನ ಮೈಯನ್ನೇ ಜನರ ಮುಂದಿಟ್ಟು ಅದನ್ನು ಬದಲಾಯಿಸುತ್ತಾಳೆ. ಒಂದು ಪ್ರದರ್ಶನದಲ್ಲಿ ತಲೆಗೂದಲು ಕತ್ತರಿಸಿಕೊಂಡು, ಅದರಿಂದಲೇ ಮೀಸೆ ಮಾಡಿ ಅಂಟಿಸಿಕೊಂಡು, ಮತ್ತೆ ಅದನ್ನು ಕಿತ್ತು ಹಣೆಗೆ ಮುಂಗುರುಳು ಇಟ್ಟುಕೊಂಡಳಂತೆ. ಜನ ಕೂತು ನೋಡುತ್ತಾರೆ, ಪತ್ರಿಕೆಯಲ್ಲಿ ಬರೆಯುತ್ತಾರೆ. ನಾನು ಯಾವುದಕ್ಕೂ ಹೋಗಿರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಮುರಿದ ಕೈಕಾಲುಗಳನ್ನೇ ನೋಡಿದವನಿಗೆ, ಒಬ್ಬರು ಬೇಕೆಂದೇ ಮೈಯನ್ನು ಕಷ್ಟಕ್ಕೆ ಒಡ್ಡುವುದನ್ನು ನೋಡಲು ಮನಸ್ಸು ಬರುವುದಿಲ್ಲ. ಅದರಲ್ಲೂ ನಮ್ಮದೇ ಮಗು.

ಹೊಸ ಪ್ರದರ್ಶನ ಹೀಗೆ. ಜನರ ಎದುರಿಗೇ ಅವಳನ್ನು ಪಾದದಿಂದ ತಲೆಯವರೆಗೆ ಪ್ಲಾಸ್ಟರ್ ಪಟ್ಟಿಯಿಂದ ಸುತ್ತಬೇಕು. ಹೌದು, ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನಾನು ಸುತ್ತುತ್ತಿದ್ದ ಅದೇ ಬಿಳಿ ಪಟ್ಟಿ. ಅದು ಗಟ್ಟಿಯಾದ ಮೇಲೆ ಅವಳು ಒಳಗಿನಿಂದ ಒಡೆದುಕೊಂಡು ಹೊರಗೆ ಬರಬೇಕು. ಸುತ್ತಬೇಕಾಗಿದ್ದವಳು ಅವಳ ಗೆಳತಿ, ಮೂರ್ತಿ ಮಾಡುವವಳು. ಆ ಹುಡುಗಿ ಸ್ನಾನದಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಸುತ್ತುವವಳ ಕೈಗೇ ಪ್ಲಾಸ್ಟರ್. ಅದನ್ನೂ ಯಾರೋ ಬೇಕಾಬಿಟ್ಟಿ ಸುತ್ತಿದ್ದರು, ಚಹಾದಂಗಡಿಗೆ ಅವಳೂ ಬಂದಿದ್ದಳು, ಅಂಚು ಉದುರಿ ಲೋಟಕ್ಕೆ ಬೀಳುತ್ತಿತ್ತು. ಇದೂ ಒಂದು ಕಟ್ಟೇ ಎಂದು ನಾನು ಬೈದೆ. ಬೈದದ್ದೇ ನೆಪವಾಯಿತು. ಚಿನ್ನು ನನ್ನ ಮುಖ ನೋಡಿ, ‘ಹಾಗಾದ್ರೆ ನೀನೇ ಬಾ ಅಪ್ಪ’ ಎಂದಳು.

ಸಾಧ್ಯವೇ ಇಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ಪರವಾಗಿಲ್ಲ, ಬೇರೆ ಯಾರನ್ನಾದರೂ ಹುಡುಕುತ್ತೇನೆ, ಆದರೆ ಎದೆಯ ಮೇಲೆ ಸುತ್ತುವಾಗ ಉಸಿರಿಗೆ ಎಷ್ಟು ಜಾಗ ಬಿಡಬೇಕು ಎನ್ನುವುದು ಅವರಿಗೆ ಗೊತ್ತಿರುತ್ತದೋ ಇಲ್ಲವೋ ಎಂದು ಸುಮ್ಮನೆ ಚಹಾ ಕುಡಿದಳು. ನನ್ನನ್ನು ಎಲ್ಲಿ ಹಿಡಿದರೆ ಬಗ್ಗುತ್ತೇನೆಂದು ಈ ಮನೆಯಲ್ಲಿ ಇಬ್ಬರಿಗೆ ಗೊತ್ತು. ಒಬ್ಬಳು ನೀನು.

ಇದೆಲ್ಲ ಯಾಕೆ ಬೇಕು ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿನಗೂ ತಿಳಿಯಲಿ. ‘ನನ್ನನ್ನ ನೋಡಿದೋರೆಲ್ಲ ಮೊದಲು ಹುಡುಕೋದು ಹಳೇ ಆಕಾರನ. ಅದನ್ನ ಎಲ್ಲರೆದುರಿಗೆ ನಿಲ್ಲಿಸಿ ಅದರಿಂದ ಹೊರಗೆ ಬರ್ತೀನಿ. ಎರಡೂ ಪಕ್ಕಪಕ್ಕ ಇರ್ಲಿ. ಯಾರ ಜೊತೆ ಮಾತಾಡ್ಬೇಕು ಅಂತ ಅವರೇ ನೋಡ್ಕೊಳ್ಳಲಿ.’

ಸೈಕಲ್ ರಿಪೇರಿ ಅಂಗಡಿಯ ಮೇಲಿರುವ ಅವಳ ಬಾಡಿಗೆ ಕೋಣೆಗೆ ಹೋಗಿ ಒಂದು ತೋಳಿಗೆ ಸುತ್ತಿ ನೋಡಿದೆವು. ಕೋಣೆ ಚೊಕ್ಕಟವಾಗಿದೆ, ಅದು ನಿನ್ನ ಗುಣ. ಅವಳು ನನಗೆ ಪಾಠ ಹೇಳಿದಳು: ಕೀಲು ಇರುವ ಕಡೆಯೆಲ್ಲ ತೆಳ್ಳಗೆ ಇರಬೇಕು, ತೋಳುಗಳನ್ನು ಎದೆಯ ಮುಂದೆ ಮಡಚಿಕೊಂಡು ನಿಂತಿರುತ್ತಾಳೆ, ಮೊಣಕೈಯನ್ನು ಹೊರಕ್ಕೆ ಒತ್ತಿದರೆ ಮೊದಲು ಅಲ್ಲಿ ಬಿರುಕು ಬಿಡುತ್ತದೆ, ಆಮೇಲೆ ಎದೆ, ಆಮೇಲೆ ಮುಖ. ನಾನು ತಲೆಯಾಡಿಸಿದೆ. ಅವಳ ಕೋಣೆಯಲ್ಲಿ ತೆಳ್ಳಗೇ ಸುತ್ತಿದೆ, ಬಿಸ್ಕತ್ತಿನ ಹಾಗೆ ಮುರಿಯಿತು. ಇಬ್ಬರೂ ನಕ್ಕೆವು. ಪ್ಲಾಸ್ಟರ್ ಕತ್ತರಿ ತರಬೇಡ, ಹೊರಗಿನವರು ತೆಗೆಯುವುದಾದರೆ ಇಡೀ ಕೆಲಸಕ್ಕೇ ಅರ್ಥವಿಲ್ಲ ಎಂದು ಖಂಡಿತವಾಗಿ ಹೇಳಿ ಕಳಿಸಿದಳು. ನಾನು ಹೂಂ ಎಂದೆ. ಚೀಲದಲ್ಲಿ ಹಾಕಿಕೊಂಡು ಹೋದೆ.

ಪ್ರದರ್ಶನದ ಜಾಗ ಒಂದು ಹಳೆಯ ಮುದ್ರಣಾಲಯ. ಯಂತ್ರಗಳನ್ನು ತೆಗೆದುಬಿಟ್ಟಿದ್ದಾರೆ, ನೆಲದ ಮೇಲೆ ಅವು ನಿಂತಿದ್ದ ಗುರುತು, ಶಾಯಿಯ ಕಲೆ. ಜನ ಸುತ್ತಲೂ ಚಾಪೆಯ ಮೇಲೆ, ಮಡಚುವ ಕುರ್ಚಿಗಳ ಮೇಲೆ ಕೂತಿದ್ದರು. ನಡುವೆ ಬೆನ್ನಿಗೆ ಆನಿಕೊಳ್ಳಲು ಒಂದು ಹಲಗೆ. ಚಿನ್ನು ಮೈಗಂಟಿದ ಹತ್ತಿಯ ಉಡುಪು ಹಾಕಿ, ಕೂದಲನ್ನು ಬಟ್ಟೆಯಲ್ಲಿ ಕಟ್ಟಿ ಬಂದು ನಿಂತಳು. ನಾನು ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ. ಇಷ್ಟು ಜನ ನೋಡುತ್ತಿದ್ದಾರಲ್ಲ ಎಂಬ ಅಳುಕಿಗೆ ಬಕೆಟ್ಟಿನ ನೀರನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಮೊದಲ ಪಟ್ಟಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಗುಳ್ಳೆ ಬರುವುದು ನಿಂತ ಮೇಲೆ ಹಿಂಡಿ ಎತ್ತಿದೆನೋ ಇಲ್ಲವೋ, ಜನರೆಲ್ಲ ಮಾಯವಾದರು. ನಾನು ನನ್ನ ಹಳೆಯ ಕೋಣೆಯಲ್ಲಿದ್ದೆ, ಎದುರಿಗೊಂದು ಮೈ ಇತ್ತು.

ಇವಳೇ, ಇಲ್ಲಿ ಒಂದು ಮಾತು ಹೇಳಬೇಕು. ಅವಳ ಮೈ ಬದಲಾಗಿದೆ ಎಂದು ನನಗೂ ಒಳಗೊಳಗೇ ಅಳುಕು ಇತ್ತು. ಮುಟ್ಟಿದರೆ ಯಾರನ್ನೋ ಮುಟ್ಟಿದ ಹಾಗಾದರೆ ಏನು ಮಾಡಲಿ ಎಂದು. ಭುಜಕ್ಕೆ ಬಂದಾಗ ಎಡಗಡೆಯ ಕೊರಳೆಲುಬಿನ ಮೇಲೆ ಅಂಗೈ ಆಡಿಸಿದೆ. ಶಾಲೆಯ ಗೋಡೆಯಿಂದ ಬಿದ್ದು ಮುರಿದುಕೊಂಡದ್ದು ನೆನಪಿದೆಯೇ? ನಾನೇ ಕಟ್ಟಿದ್ದು, ಕೂಡಿಕೊಂಡ ಕಡೆ ಚಿಕ್ಕ ಗಂಟು ಉಳಿದಿತ್ತು, ಚೆನ್ನಾಗಿ ಕಟ್ಟಲಿಲ್ಲ ಎಂದು ನೀನು ನನ್ನನ್ನು ಎಷ್ಟು ವರ್ಷ ಹಂಗಿಸಿದೆ. ಆ ಗಂಟು ಅಲ್ಲೇ ಇದೆ. ಚರ್ಮ ಮೆತ್ತಗಾಗಿದೆ, ಭುಜ ಸ್ವಲ್ಪ ಇಳಿದಿದೆ, ಗಂಟು ಮಾತ್ರ ಹಾಗೇ ಇದೆ. ಅಷ್ಟು ಹೊತ್ತು ಬಿಗಿಹಿಡಿದದ್ದೇನೋ ನನ್ನೊಳಗೆ ಸಡಿಲಾಯಿತು. ‘ಉಸಿರು ತುಂಬ್ಕೋ ಮಗಳೇ’ ಎಂದೆ. ಬಾಯಿಂದ ಹಾಗೆ ತಾನಾಗಿ ಬಂತು. ಅವಳು ಉಸಿರು ತುಂಬಿಕೊಂಡಳು, ನಾನು ಎದೆಯನ್ನು ಸುತ್ತಿದೆ.

ಮುಖಕ್ಕೆ ಕೊನೆಯಲ್ಲಿ. ಮೂಗು ತೆರೆದಿಟ್ಟು, ಬಾಯಿಯ ಮೇಲೆ ಒಂದೇ ಒಂದು ತೆಳುಸುತ್ತು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತು ಕೈ ಒರೆಸಿಕೊಂಡೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆಮೇಲೆ ತಣಿಯುತ್ತದೆ. ಬಿಳಿಯ ಆಕೃತಿ ಹಲಗೆಗೆ ಆನಿಕೊಂಡು ನಿಂತಿತ್ತು. ಸುಳ್ಳಲ್ಲ, ನನಗೆ ಹೆಮ್ಮೆಯಾಯಿತು. ಅಷ್ಟು ನಯವಾದ ಕಟ್ಟು ಕಟ್ಟಿ ಎಷ್ಟೋ ಕಾಲವಾಗಿತ್ತು. ಕೀಲುಗಳಲ್ಲಿ ಒಂದು ಸುಕ್ಕಿಲ್ಲ.

ಅವಳು ಮೊಣಕೈಯನ್ನು ಹೊರಕ್ಕೆ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಡೀ ಆಕೃತಿ ಹಲಗೆಯ ಮೇಲೆ ಅಲುಗಿತೇ ಹೊರತು ಬಿರುಕು ಬಿಡಲಿಲ್ಲ. ಆಗ ನನಗೆ ನನ್ನ ಕೈ ಮಾಡಿದ ಕೆಲಸ ತಿಳಿಯಿತು. ಮೊಣಕೈಗೆ ಬಂದಾಗ ಒಂದು ಸುತ್ತು ಹೆಚ್ಚು ಹಾಕಿದ್ದೆ. ಭುಜಕ್ಕೂ ಹಾಕಿದ್ದೆ. ಕೀಲು ಬಂದರೆ ಒಂದು ಸುತ್ತು ಹೆಚ್ಚು ಹಾಕಬೇಕು, ಇಲ್ಲದಿದ್ದರೆ ಕಟ್ಟು ಅಲ್ಲಿಯೇ ಮುರಿಯುತ್ತದೆ ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ತಲೆ ಚಿನ್ನು ಮಾತು ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿರಲಿಲ್ಲ.

ಅವಳು ನಡುಗತೊಡಗಿದಳು. ಮುಂದಿನ ಸಾಲಿನಲ್ಲಿ ಕನ್ನಡಕದ ಹೆಂಗಸೊಬ್ಬರು ಪಕ್ಕದವರಿಗೆ ‘ಎಷ್ಟು ಚೆನ್ನಾಗಿ ನಡುಗ್ತಾಳೆ ನೋಡಿ’ ಎಂದು ಪಿಸುಗುಟ್ಟಿದರು. ನನ್ನ ಜೀವ ಬಾಯಿಗೆ ಬಂದಿತ್ತು, ಜನ ಮೆಚ್ಚಿ ತಲೆದೂಗುತ್ತಿದ್ದರು. ಮೂಗು ತೆರೆದಿದೆ, ಉಸಿರಿಗೆ ಜಾಗವಿದೆ, ನನಗೆ ಗೊತ್ತು. ಆದರೆ ಒಳಗೆ ಗಾಬರಿ ಹತ್ತಿದರೆ ಇರುವ ಜಾಗವೂ ಸಾಲುವುದಿಲ್ಲ, ಅದೂ ನನಗೆ ಗೊತ್ತು. ಚೀಲ ತೆಗೆದುಕೊಂಡು ಎದ್ದೆ. ಸಭಾಂಗಣದ ಮೇಲ್ವಿಚಾರಕಿ ದೂರದಿಂದಲೇ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದಳು. ಅವಳ ಕೆಲಸ ಅವಳು ಮಾಡಿದಳು, ನನ್ನ ಕೆಲಸ ನಾನು ಮಾಡಿದೆ.

‘ಚಿನ್ನು, ಅಪ್ಪ ಬಂದಿದೀನಿ. ಅಲ್ಲಾಡ್ಬೇಡ’ ಎಂದೆ. ಕಿವಿಯ ಹಿಂದೆ ಕತ್ತರಿಯ ಮೂಗು ಇಟ್ಟು ಕಚ್ಚಿಸಿಕೊಂಡು ಬಂದೆ. ಆಸ್ಪತ್ರೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತನ್ನೇ ಹೇಳುತ್ತಿದ್ದೆ: ಇದು ಬಟ್ಟೆ ಮಾತ್ರ ಕಡಿಯುತ್ತದೆ, ನಿನ್ನನ್ನು ಕಡಿಯುವುದಿಲ್ಲ, ಇನ್ನೇನು ಆಯಿತು, ಜಾಣೆ. ಮುಖದ ಭಾಗ ಕಳಚಿ ಬಂತು. ಕೆಂಪಾಗಿದ್ದಳು, ಬೆವರಿದ್ದಳು, ಕಣ್ಣಲ್ಲಿ ನೀರು. ದೊಡ್ಡದಾಗಿ ಉಸಿರೆಳೆದಳು. ಹೋದ ಜೀವ ಬಂದಂತಾಯಿತು ನನಗೆ. ಉಳಿದದ್ದನ್ನು ಸರಸರನೆ ಕತ್ತರಿಸಲು ಹೊರಟೆ. ಅವಳು ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ, ‘ಅವಸರ ಮಾಡ್ಬೇಡ ಅಪ್ಪ. ನಿಧಾನಕ್ಕೆ ತೆಗಿ. ಅವರೂ ನೋಡ್ಲಿ’ ಎಂದಳು.

ನಿಧಾನಕ್ಕೆ ತೆಗೆದೆ. ಎಡತೋಳು, ಬಲತೋಳು, ಎದೆ, ಬೆನ್ನು. ಒಂದೊಂದು ಚೂರನ್ನೂ ಅವಳು ಕೈಗೆ ತೆಗೆದುಕೊಂಡು ಒಳಗಿನ ಗುರುತು ನೋಡಿ ನೆಲದ ಮೇಲೆ ಜೋಡಿಸಿದಳು. ಕೊನೆಗೆ ಪಾದ ಬಿಡಿಸಿದಾಗ ನನ್ನ ಭುಜ ಹಿಡಿದು ಚೂರುಗಳನ್ನು ದಾಟಿ ಈಚೆ ಬಂದಳು. ಮಗು ನಡೆಯಲು ಕಲಿಯುವಾಗ ಹಾಗೆ ಹಿಡಿಯುತ್ತದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕತ್ತರಿ ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಪತ್ರಿಕೆಯವರೊಬ್ಬರು ಬಂದು, ಆ ಕತ್ತರಿಯ ಅರ್ಥ ಏನು ಸಾರ್ ಎಂದು ಕೇಳಿದರು. ಕತ್ತರಿಸೋದು ಎಂದೆ. ಅದನ್ನೂ ಬರೆದುಕೊಂಡರು.

ಚಿನ್ನು ಯಾರಿಗೂ ಸುಳ್ಳು ಹೇಳಲಿಲ್ಲ. ಇದು ಅಂದುಕೊಂಡದ್ದಲ್ಲ, ನಾನು ಸಿಕ್ಕಿಹಾಕಿಕೊಂಡಿದ್ದೆ, ಅಪ್ಪ ಬಿಡಿಸಿದರು ಎಂದೇ ಎಲ್ಲರಿಗೂ ಹೇಳಿದಳು. ಅರ್ಧ ಜನ ನಂಬಲಿಲ್ಲ.

ಅವಳ ಕೋಣೆಯಲ್ಲಿ ಬಿಸಿನೀರಿಲ್ಲ, ಕೂದಲ ಅಂಚಿನಲ್ಲೆಲ್ಲ ಪ್ಲಾಸ್ಟರ್ ಅಂಟಿತ್ತು. ಅದಕ್ಕೇ ಮನೆಗೆ ಕರೆದುಕೊಂಡು ಬಂದೆ. ಹೌದು, ಬಾಗಿಲು ತೆಗೆದೆ. ನೀನಿಲ್ಲದ ಸಮಯ ನೋಡಿ ಮಾಡಿದೆ ಎನ್ನುತ್ತೀಯ. ನೀನಿದ್ದಿದ್ದರೂ ಅವತ್ತು ತೆಗೆಯುತ್ತಿದ್ದೆ, ಜಗಳವಾಗುತ್ತಿತ್ತು ಅಷ್ಟೇ. ಹೊಸ್ತಿಲ ಹತ್ತಿರ ಅವಳು ಒಂದು ಕ್ಷಣ ನಿಂತಳು. ಆಮೇಲೆ ಒಳಗೆ ಬಂದು ಮೊದಲು ಮಾಡಿದ್ದು ನಿನ್ನ ಗಿಡಗಳಿಗೆ ನೀರು ಹಾಕಿದ್ದು. ನಾನು ಹಾಕುವುದನ್ನು ಮರೆತಿದ್ದೆ ಎಂದು ಬೈದಳು. ತಲೆಗೆ ಎಣ್ಣೆ ಹಚ್ಚಿ ಕೂದಲಿನಿಂದ ಪ್ಲಾಸ್ಟರ್ ಬಿಡಿಸುತ್ತಾ ಕೂತಾಗ, ಅಷ್ಟು ಗಟ್ಟಿಯಾಗಿ ಯಾಕಪ್ಪ ಕಟ್ಟಿದೆ ಎಂದು ಕೇಳಿದಳು. ‘ಮುರೀಬಾರದು ಅಂತ ಕಣೇ’ ಎಂದೆ. ಅವಳಿಗೆ ನಗು ಬಂದದ್ದು ನಿಲ್ಲಲೇ ಇಲ್ಲ. ನಗುತ್ತಾ ನಗುತ್ತಾ ಸ್ವಲ್ಪ ಅತ್ತಳು. ಈ ಮನೆಯಲ್ಲಿ ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು.

ಈಗ ಪ್ರದರ್ಶನವನ್ನೇ ಬದಲಾಯಿಸಿದ್ದಾಳೆ. ಒಬ್ಬಳೇ ಒಡೆದುಕೊಂಡು ಬರುವುದೇ ದೊಡ್ಡದು ಎಂದುಕೊಂಡಿದ್ದಳಂತೆ, ಹೊರಗಿನಿಂದ ಒಬ್ಬರು ಬಿಡಿಸಿದರೆ ಅದರ ರುಚಿಯೇ ಬೇರೆಯಂತೆ. ಮುಂದಿನ ತಿಂಗಳು ಮತ್ತೆ ಇದೆ, ನಾನು ಒಪ್ಪಿಕೊಂಡಿದ್ದೇನೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂತು ಕೆಡುತ್ತೀರಿ ಎಂದು ನೀನೇ ಬೈಯುತ್ತಿದ್ದೆಯಲ್ಲ. ಪಾಂಪ್ಲೆಟ್ಟಿನಲ್ಲಿ ‘ಕಲಾವಿದೆಯ ತಂದೆ’ ಎಂದು ಹಾಕುತ್ತಾರಂತೆ. ನಾನು ಅಂಗಿ ಇಸ್ತ್ರಿ ಮಾಡಿಸಬೇಕು.

ನನಗೆ ಬಹಳ ಸಮಾಧಾನವಾಗಿದೆ. ಚಿನ್ನು ಮೈಯನ್ನು ಹಾಳುಮಾಡಿಕೊಳ್ಳುತ್ತಿದ್ದಾಳೆ ಎಂದು ಇಷ್ಟು ದಿನ ಸಂಕಟಪಟ್ಟೆ. ನನ್ನ ಕೈಗೆ ಸಿಕ್ಕಿದ್ದು ಹಾಳಾದ ಮೈಯಲ್ಲ. ಅಷ್ಟೇ ನನಗೆ ತಿಳಿದದ್ದು, ಅಷ್ಟು ಸಾಕು.

ದೊಡ್ಡವಳಿಗೆ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳು. ಅಳಿಯಂದಿರಿಗೆ ಆಶೀರ್ವಾದ, ಅವರೂ ಒಂದಿಷ್ಟು ಬಟ್ಟೆ ಒಗೆಯಲಿ. ಕೂಸು ನೂರು ಕಾಲ ಬಾಳಲಿ, ಯಾವ ಗೋಡೆ ಹತ್ತಿದರೂ ಬೀಳದಿರಲಿ. ನೀನು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಅದನ್ನು ಎತ್ತಬೇಡ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ, ಇದನ್ನು ಫೋನಿನಲ್ಲಿ ಹೇಳಲು ನಾಚಿಕೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇಂತು ನಿನ್ನ,
‘ರೀ’

ಮತ್ತೆ: ಕಾಗದ ಅಂಟಿಸಲು ಹೋದವನು ಮತ್ತೆ ಬಿಚ್ಚಿದೆ. ಕಟ್ಟು ಒಡೆಯದೆ ಅವಳು ನಡುಗುವುದನ್ನು ನೋಡಿ ಎದ್ದೆ ಎಂದು ಬರೆದಿದ್ದೇನೆ. ಅಷ್ಟೇ ಅಲ್ಲ. ಒಳಗಿನಿಂದ ಅವಳು ಕೂಗಿದಳು. ಬಾಯಿಯ ಮೇಲೆ ಪಟ್ಟಿ ಇತ್ತು, ಜನರಿಗೆ ಬರೀ ನರಳಿದ ಹಾಗೆ ಕೇಳಿಸಿತು. ನನಗೆ ಸರಿಯಾಗಿ ಕೇಳಿಸಿತು. ‘ಅಮ್ಮಾ’ ಎಂದಳು. ಸುತ್ತಿದವನು ನಾನು, ಕೈಗೆಟುಕುವಷ್ಟು ಹತ್ತಿರ ಕೂತಿದ್ದವನು ನಾನು, ಅವಳು ಕರೆದದ್ದು ನಿನ್ನನ್ನು. ನಾನು ಕತ್ತರಿ ಹಾಕುವವರೆಗೂ ಕರೆಯುತ್ತಲೇ ಇದ್ದಳು. ಮನೆಗೆ ಬಂದ ಮೇಲೆ, ಇದೆಲ್ಲ ಅಮ್ಮನಿಗೆ ಬರೆಯಲೇ ಎಂದು ಕೇಳಿದೆ. ‘ಎಲ್ಲಾ ಬರಿ ಅಪ್ಪ. ಕರೆದದ್ದು ಮಾತ್ರ ಬರೀಬೇಡ. ಅವಳ ಮಗ ಕರೆದ ಅಂದ್ಕೋತಾಳೆ’ ಎಂದಳು. ನಾನು ಪಕ್ಕದಲ್ಲೇ ಇದ್ದೆ ಇವಳೇ, ಕಿವಿಯಾರೆ ಕೇಳಿದ್ದೇನೆ. ಕರೆದದ್ದು ಮಗಳು.